ಹೊಗೆ ಒಂದು ಕಡೆ, ಬಾವುಟ ಒಂದು ಕಡೆ

"ತಪ್ಪು! ಈ ಹಡಗು ತಪ್ಪು ಐತಿ!" ಗವಿಸಿದ್ದೇಶ ಕೂಗಿದ.

ಕೊಟ್ಟೂರಿನ ಶಾಲೆಯಲ್ಲಿ ಮರುದಿನ ವಸ್ತುಪ್ರದರ್ಶನ. ತಬಸ್ಸುಮ್ ಮನೆಯಿಂದ ದೊಡ್ಡ ತಗಡಿನ ಚಿತ್ರ ಹೊತ್ತು ತಂದಿದ್ದಳು. ಮೂರು ಅಂತಸ್ತಿನ ಬಿಳಿ ಹಡಗು, ಸುತ್ತ ನೀಲಿ ಸಮುದ್ರ. ಲಾರಿಗಳಿಗೆ ಪೇಂಟ್ ಹೊಡೆಯುವ ಅವಳ ದಾದಾ, ಅಂದರೆ ಅಪ್ಪನ ಅಪ್ಪ, ಮಕ್ತುಂ ಸಾಬ್ ಬರೆದದ್ದು.

"ನೋಡ್ರಿ, ಹೊಗಿ ಹಿಂದಕ್ಕ ಹೊಂಟೈತಿ. ಬಾವುಟ ಮುಂದಕ್ಕ ಹಾರತೈತಿ. ಗಾಳಿ ಎರಡೂ ಕಡಿಗೆ ಬೀಸತೈತೇನು?"

ಎಲ್ಲರೂ ಗೊಳ್ಳೆಂದು ನಕ್ಕರು. ಶೈಲಾ ಟೀಚರೂ ನಕ್ಕುಬಿಟ್ಟರು. ತಬಸ್ಸುಮಳ ಕಿವಿ ಬಿಸಿಯಾದವು.

ಸಂಜೆ ಚಿತ್ರವನ್ನು ದಾದಾನ ಶೆಡ್ಡಿನ ಗೋಡೆಗೆ ಆನಿಸಿ, "ಇದನ್ನ ಸರಿ ಮಾಡಿಕೊಡ್ರಿ ದಾದಾ. ಹೊಗಿ ಹಿಂದಕ್ಕ, ಬಾವುಟ ಮುಂದಕ್ಕ, ತಪ್ಪೈತಿ ಅಂದ ಒಬ್ಬ ಹುಡುಗ. ಎಲ್ಲಾರೂ ನಕ್ರು" ಅಂದಳು.

ದಾದಾ ಕನ್ನಡಕ ಏರಿಸಿ ನೋಡಿದರು. "ಹುಡುಗ ಹೇಳಿದ್ದು ಖರೇ ಐತಿ." ನೀಲಿ ಪೇಂಟು, ಬ್ರಷ್ಷು ಅವಳ ಕೈಗೇ ಕೊಟ್ಟರು. "ಬಾವುಟ ಅಳಿಸು. ಹೊಸಾದು ಬರಿಯೋಣು."

ತಬಸ್ಸುಮ್ ಬ್ರಷ್ ಅದ್ದಿದಳು. "ಮೊದಲು ಯಾಕ ಹಿಂಗ ಬರದಿದ್ರಿ?"

"ನಾನು, ನಿನ್ನ ದಾದಿ ಇದೇ ಹಡಗಿನ್ಯಾಗ ಹಜ್‌ಗೆ ಹೋಗಿದ್ವಿ. ನಿಮ್ಮಪ್ಪ ಆಗ ಸಣ್ಣಾವ. ಬೊಂಬಾಯಿ ಬಂದರದಾಗ ನಿಂತು ಅಳತಿದ್ದ. ಹಡಗು ಬಿಟ್ಟಾಗ ಹೊಗಿ ಅವನ ಕಡಿಗೇ ಹಿಂದಕ್ಕ ಹೋಗತಿತ್ತು. ನಿನ್ನ ದಾದಿ ಅದನ್ನೇ ನೋಡಿಕೋತ ನಿಂತಿದ್ಲು. ತಿರುಗಿ ಬರೋವಾಗ ಹಿಂದಿನಿಂದ ಗಾಳಿ. ಬಾವುಟ ಮುಂದಕ್ಕ, ನಮ್ಮೂರ ಕಡಿಗೇ ಹಾರತಿತ್ತು. ನನಗ ಎರಡೂ ಬೇಕಿತ್ತು. ಎರಡೂ ಬರದೆ."

ಬ್ರಷ್ಷಿನ ತುದಿಯಿಂದ ಹನಿಯೊಂದು ನೆಲಕ್ಕೆ ಬಿತ್ತು. ತಬಸ್ಸುಮ್ ಬ್ರಷ್ಷನ್ನು ಡಬ್ಬಿಯಲ್ಲೇ ಇಟ್ಟುಬಿಟ್ಟಳು.

"ಬ್ಯಾಡ ಬಿಡ್ರಿ. ಆ ಹಡಗು ಈಗ ಎಲ್ಲೈತಿ?"

"ಇಂಗ್ಲೆಂಡಿನಾಗ ಕಟ್ಟಿದ್ದಂತ. ಯುದ್ಧದಾಗ ಸಿಪಾಯಿಗಳನ್ನ ಹೊತ್ತಿತ್ತಂತ. ಆಮ್ಯಾಲೆ ನಮ್ಮಂಥೋರನ್ನ. ಹಳೇದಾತು ಅಂತ ಒಡದು ಗುಜರಿಗೆ ಹಾಕಿದ್ರು."

ಮರುದಿನ ಶಾಲೆಯ ಅಂಗಳದಲ್ಲಿ ಪ್ರದರ್ಶನಕ್ಕಿಟ್ಟ ಚಿತ್ರದ ಹತ್ತಿರ ಗವಿಸಿದ್ದೇಶ ಮತ್ತೆ ಬಂದ. "ಅಯ್ಯ, ಹಂಗೇ ಐತಲ್ಲ!"

"ಹೊಗಿ ಹೋಗೋ ದಿನದ್ದು, ಬಾವುಟ ಬರೋ ದಿನದ್ದು" ಅಂದಳು ತಬಸ್ಸುಮ್. ಹಡಗಿನ ಕತೆ ಪೂರ್ತಿ ಹೇಳಿದಳು. ಈ ಸಲ ಅವನು ನಗಲಿಲ್ಲ. ಬಗ್ಗಿ ಹಡಗಿನ ಕಿಟಕಿಗಳನ್ನು ಒಂದೊಂದಾಗಿ ನೋಡಿದ.

"ಅಂದ್ರ ಆ ಹಡಗು ಈಗ ಈ ಚಿತ್ರದಾಗಷ್ಟ ಉಳದೈತೇನು?"

ತಬಸ್ಸುಮ್ ಹಾಗೆ ಯೋಚಿಸಿಯೇ ಇರಲಿಲ್ಲ. ತಗಡಿನ ಮೇಲೆ ಚುರುಗುಟ್ಟುವ ಬಿಸಿಲು ಬೀಳುತ್ತಿತ್ತು.

"ಆ ಕಡಿ ಹಿಡಿ" ಅಂದಳು.

ಇಬ್ಬರೂ ಸೇರಿ ಹಡಗನ್ನು ಮೆಲ್ಲಗೆ ನೆರಳಿಗೆ ಸರಿಸಿದರು.