ಹಾರ್ಲನ್ನನ ಪಿಕಪ್ ಕೊಂದವರು

“ನನ್ ಮಗನೇ ಅದನ್ನ ಕೊಂದಿರೋದು, ಓಪಲ್. ಬೇರೆ ಯಾರೂ ಅಲ್ಲ.”

ಜೂನ್ ಕೊನೆಯ ಸೋಮವಾರ ವರ್ನಾ ಸ್ಟ್ರೋಮ್ ನಮ್ಮ ಗ್ಯಾರೇಜಿನ ಬಾಗಿಲಲ್ಲಿ ನಿಂತು ಹೀಗೆಂದಾಗ ನನ್ನ ಕೈಯ ಸ್ಪ್ಯಾನರ್ ಹಾಗೇ ನಿಂತಿತು. ಸತ್ತದ್ದು ಮನುಷ್ಯನಲ್ಲ, ಅವಳ ಗಂಡ ಹಾರ್ಲನ್ನನ ನಲವತ್ತೊಂಬತ್ತರ ಮಾಡಲ್ ಪಿಕಪ್. ಆದರೆ ಅದು ನಗುವ ಮಾತಾಗಿರಲಿಲ್ಲ. ಮರೆವಿನ ರೋಗ ಹತ್ತಿ ಹಾರ್ಲನ್ ಆಸರೆಮನೆ ಸೇರಿ ಎರಡು ವರ್ಷವಾಗಿತ್ತು. ಹೆಂಡತಿಯ ಮುಖವೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ಗೊತ್ತಾಗುತ್ತಿದ್ದದ್ದು ಆ ಇಂಜಿನ್ನಿನ ಸದ್ದೊಂದೇ. ದಿನಾ ಸಂಜೆ ನಾಲ್ಕಕ್ಕೆ ವರ್ನಾ ಇಪ್ಪತ್ತು ಮೈಲಿ ಓಡಿಸಿಕೊಂಡು ಹೋಗಿ ಅವನ ಕಿಟಕಿಯ ಕೆಳಗೆ ಪಿಕಪ್ ನಿಲ್ಲಿಸುವಳು. ಅವನು ಕೈಯೆತ್ತಿ, “ಬಂದ್ಯಾ ವರ್ನಾ?” ಅನ್ನುವನು. ದಿನಕ್ಕೆ ಐದೇ ಐದು ನಿಮಿಷ ಅವಳಿಗೆ ಗಂಡ ಸಿಗುತ್ತಿದ್ದ. ಭಾನುವಾರ ನಡುದಾರಿಯಲ್ಲೇ ಇಂಜಿನ್ ಕಟಕಟ ಹಲ್ಲು ಕಡಿದು ಬಿಗಿದು ನಿಂತಿತ್ತು.

“ಲಾಯ್ಡ್ ಶುಕ್ರವಾರ ಒಮಾಹಾದಿಂದ ಬಂದ. ಗಾಡಿ ಮಾರ್ಬಿಡೋಣ ಅಂತ ಒಂದೇ ಹಟ. ಆಗಲ್ಲ ಅಂದೆ. ಶನಿವಾರ ಬಾನೆಟ್ ಎತ್ತಿ ಏನೋ ಮಾಡ್ತಿದ್ದ. ಭಾನುವಾರ ಸತ್ತೋಯ್ತು. ಇನ್ನೇನ್ ಬೇಕು?”

ಓಪಲ್ ಕುಚೆರಾ ಕನ್ನಡಕ ಒರೆಸಿಕೊಂಡಳು. ಎಪ್ಪತ್ತೊಂದು ವರ್ಷದ ಈಕೆ ಗ್ಯಾರೇಜಿನ ಒಡತಿ. ಶೆರಿಫ್ ಕಚೇರಿ ನಲವತ್ತು ಮೈಲಿ ದೂರವಾದ್ದರಿಂದ ಊರಿನ ಕಳವು, ಬೆಂಕಿ, ಸುಳ್ಳುಗಳೆಲ್ಲ ಮೊದಲು ಅವಳ ಬಳಿಗೇ ಬರುತ್ತಿದ್ದವು. ಹತ್ತನೇ ಕ್ಲಾಸಿಗೇ ಶಾಲೆಗೆ ಶರಣು ಹೊಡೆದು ಬಂದ ನನಗೆ ಇಂಜಿನ್ ಬಿಚ್ಚಲು ಕಲಿಸಿದವಳೂ ಅವಳೇ. ಅಂಗಡಿಯಲ್ಲಿ ಅವಳದು ಎರಡು ಕಟ್ಟಪ್ಪಣೆ. ಆಯಿಲ್ ಕೊಡುವ ಮೊದಲು ಗಾಡಿ ಯಾವ ವರ್ಷದ್ದೆಂದು ಕೇಳಬೇಕು. ಕೊಟ್ಟ ಬಾಟಲಿಯ ತಳಕ್ಕೆ ಕೊಟ್ಟವರ ಹೆಸರು, ತಾರೀಖು ಬರೆಯಬೇಕು.

ಸ್ಟ್ರೋಮ್ ಮನೆಯ ಅಂಗಳಕ್ಕೆ ಎಳೆದು ತಂದಿದ್ದ ಪಿಕಪ್ಪಿನಿಂದ ಓಪಲ್ ಆಯಿಲ್ ಮಟ್ಟ ನೋಡುವ ಕಡ್ಡಿ ಹಿರಿದು, ಹನಿಯನ್ನು ಬೆರಳಲ್ಲಿ ತಿಕ್ಕಿ ನೋಡಿದಳು. “ಹಾರ್ಲನ್ ಹಾಕ್ತಿದ್ದ ಆಯಿಲ್ ಇದಲ್ಲ,” ಎಂದಳು. ಶೆಡ್ಡಿನೊಳಗೆ ಇಣುಕಿದಳು. ಅಲ್ಲಿ ಉಪ್ಪಿನಕಾಯಿ ಜಾಡಿಗಳಲ್ಲಿ ಹಳೇ ಕಪ್ಪು ಆಯಿಲ್ ಇತ್ತು, ಬಾಯಿಗೆ ಬಟ್ಟೆ ಕಟ್ಟಿತ್ತು.

ನನಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಅಪ್ಪ ಯಾರೆಂದೇ ತಿಳಿಯದವನು ನಾನು; ಇರುವ ಅಪ್ಪನ ಗಾಡಿ ಮಾರಲು ಹೊರಟವನನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಲಾಯ್ಡ್‌ನ ಕಾರಿನ ಡಿಕ್ಕಿ ತೆರೆದೆ. ಗೋಣಿಚೀಲದ ಕೆಳಗೆ ಐದು ಖಾಲಿ ಆಯಿಲ್ ಬಾಟಲಿ!

“ಇದೇನೋ ಇದು, ಬೇವರ್ಸಿ?” ಎಂದು ಪಕ್ಕಕ್ಕೆ ಬಂದ ಲಾಯ್ಡ್‌ನ ಕಾಲರ್ ಹಿಡಿದೆ.

ಅವನು ಬಿಳಿಚಿಕೊಂಡು ಅಡುಗೆಮನೆ ಕಿಟಕಿಯತ್ತ ನೋಡಿದ. ವರ್ನಾ ಒಳಗೆ ಕಾಫಿ ಕಾಯಿಸುತ್ತಿದ್ದಳು. “ಹೌದು, ನಾನೇ. ಬಾಟಲಿ ವಿಷ್ಯ ಮಾತ್ರ ಅಮ್ಮಂಗೆ ಹೇಳ್ಬೇಡಿ.”

ಬಾರಿಸಿಯೇಬಿಟ್ಟೆ. ತುಟಿ ಒಡೆಯಿತು. ಅವನು ಕೈ ಎತ್ತಲಿಲ್ಲ.

“ಮುಗೀತಾ ನಿನ್ನ ಪೌರುಷ?” ಎಂದಳು ಓಪಲ್. “ಬಾಟಲಿ ಎತ್ಕೊಂಡ್ ಬಾ.”

ಬುಧವಾರ ಸಂಜೆ ಅವಳು ಎಲ್ಲರನ್ನೂ ಗ್ಯಾರೇಜಿಗೆ ಕರೆಸಿದಳು. ಪಿಕಪ್ಪಿನ ಆಯಿಲ್ ತೊಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟಿದ್ದೆ. ತಳದಲ್ಲಿ ಡಾಂಬರಿನಂಥ ಕೊಳೆ.

“ಈ ಇಂಜಿನ್ನಿಗೆ ಫಿಲ್ಟರೇ ಇಲ್ಲ,” ಎಂದಳು ಓಪಲ್. “ಐವತ್ತು ವರ್ಷ ಹಾರ್ಲನ್ ಹಳೇ ಕಾಲದ ಆಯಿಲ್ಲೇ ಹಾಕ್ದ, ಕೊಳೆ ತೊಳೆಯೋ ಮದ್ದು ಸೇರಿಸ್ದೇ ಇರೋದು. ಕೊಳೆ ತಳದಲ್ಲಿ ಕೂತು ಗಟ್ಟಿಯಾಯ್ತು, ತನ್ನ ಪಾಡಿಗೆ ತಾನಿತ್ತು. ಈಗಿನ ಒಳ್ಳೇ ಆಯಿಲ್ ಎಲ್ಲಾನೂ ತೊಳೆಯುತ್ತೆ. ಐವತ್ತು ವರ್ಷದ ಕೊಳೆ ಒಟ್ಟಿಗೆ ಎದ್ದು ಆಯಿಲ್ ಹೀರೋ ಈ ಜಾಲರಿ ಮುಚ್ಚಿತು. ಆಯಿಲ್ ಮೇಲಕ್ಕೆ ಹೋಗ್ದೆ ಬೇರಿಂಗ್ ಸುಟ್ಟೋಯ್ತು.”

“ಹಾಕಿದ್ದು ಇವನೇ ತಾನೇ?” ಎಂದೆ.

“ಬಾಯ್ಮುಚ್ಚಿ ಕೇಳು. ಇದು ಒಂದೆರಡು ದಿನದ ಕೆಲ್ಸ ಅಲ್ಲ, ವಾರಗಟ್ಟಲೆ ಓಡಿರ್ಬೇಕು. ಇವನು ಬಂದಿದ್ದು ಶುಕ್ರವಾರ. ಆಮೇಲೆ, ಗಾಡಿ ಕೊಲ್ಲೋಕೆ ಬಂದವ್ನು ಹಳೇ ಆಯಿಲ್‌ನ ಜಾಡಿಗೆ ತುಂಬಿ ಬಟ್ಟೆ ಕಟ್ತಾನಾ? ಬೇಲಿ ಗೂಟಕ್ಕೆ ಬಳಿಯೋಕೆ ಹಾಗೆ ಎತ್ತಿಡೋರು ಆ ಮನೇಲಿ ಇಬ್ರೇ. ಒಬ್ರು ಆಸರೆಮನೇಲಿದಾರೆ.” ಅವಳು ಒಂದು ಬಾಟಲಿ ಮಗುಚಿ ನನ್ನ ಮುಂದಿಟ್ಟಳು. “ಓದು.”

ನನ್ನದೇ ಕೈಬರಹ, ನನ್ನದೇ ಹೆಸರು. ವೆಸ್, ಮೇ ಹದಿನಾಲ್ಕು.

ಆಗ ನೆನಪಾಯಿತು. ಆಲಿಕಲ್ಲು ಬಿದ್ದ ಮರುದಿನ, ಅಂಗಡಿ ತುಂಬ ಜನ. “ಎಲ್ಲಕ್ಕಿಂತ ಒಳ್ಳೇ ಆಯಿಲ್ ಯಾವ್ದಪ್ಪಾ?” ಎಂದಿತ್ತು ಒಂದು ದನಿ. ತಲೆಯೆತ್ತದೆ ಮೇಲಿನ ಸಾಲಿನಿಂದ ಐದು ಬಾಟಲಿ ಇಳಿಸಿದ್ದೆ. ವರ್ಷ ಕೇಳಿರಲಿಲ್ಲ.

“ಅವತ್ತು ನಮ್ಮ ಮದ್ವೆ ದಿನ,” ಎಂದಳು ವರ್ನಾ ಮೆಲ್ಲಗೆ. “ಐವತ್ತು ತುಂಬ್ತು. ಅವರಿಗೇನ್ ಕೊಟ್ರೂ ತಿಳಿಯಲ್ಲ. ಅವರ ಗಾಡಿಗಾದ್ರೂ ಒಳ್ಳೇದ್ ಹಾಕೋಣ ಅಂತ, ನನ್ ಕೈಯ್ಯಾರೆ…” ಮಗನ ಊದಿದ ತುಟಿ ನೋಡಿದಳು. “ನಿಂಗೆ ಗೊತ್ತಿತ್ತೇನೋ?”

“ಶನಿವಾರ ಫ್ಯಾನ್ ಬೆಲ್ಟ್ ಬಿಗಿ ಮಾಡಿದ್ದಷ್ಟೇ ನಾನು. ಗಾಡಿ ನಿಂತ್ಮೇಲೆ ಶೆಡ್ಡಲ್ಲಿ ಬಾಟಲಿ ಕಂಡ್ವು, ಯಾಕೆ ಅಂತ ಅರ್ಥ ಆಯ್ತು, ಡಿಕ್ಕೀಲಿ ಬಚ್ಚಿಟ್ಟೆ. ನಿಂಗೆ ನನ್ ಮೇಲೆ ಸಿಟ್ಟಿದ್ರೆ ಇರ್ಲಿ ಅಂದ್ಕೊಂಡೆ, ಅಮ್ಮಾ. ನಿನ್ ಮೇಲೆ ನಿಂಗೇ ಬೇಡ ಅಂತ.”

“ನಾನೂ ಸುಮ್ನಿರ್ಬೋದಿತ್ತು, ವರ್ನಾ,” ಎಂದಳು ಓಪಲ್. “ಆದ್ರೆ ಗಂಡನ ಜೊತೆ ಮಗನ್ನೂ ಕಳ್ಕೋತಿದ್ದೆ ನೀನು. ತಪ್ಪು ನಿಂದಲ್ಲ. ಕೇಳ್ಬೇಕಾಗಿದ್ದು ನಮ್ಮ ಅಂಗಡಿ.” ನನ್ನ ಕಡೆ ಅವಳು ನೋಡಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ.

ಇಂಜಿನ್ ಮತ್ತೆ ಏಳುವಂತಿರಲಿಲ್ಲ. ಮರುದಿನ ಪಿಕಪ್ಪನ್ನು ನನ್ನ ಗಾಡಿಗೆ ಕಟ್ಟಿ, ನಾಲ್ಕಕ್ಕೆ ಸರಿಯಾಗಿ ಆಸರೆಮನೆಗೆ ಎಳೆದುಕೊಂಡು ಹೋದೆ. ಸ್ಟಿಯರಿಂಗ್ ಲಾಯ್ಡ್ ಹಿಡಿದಿದ್ದ, ಪಕ್ಕದಲ್ಲಿ ವರ್ನಾ ಕೂತಿದ್ದಳು. ತೆರೆದ ಕಿಟಕಿಯಲ್ಲಿ ಹಾರ್ಲನ್ ಆಗಲೇ ಕಾದಿದ್ದ.

ವರ್ನಾ ಇಳಿದು ಕೈಯೆತ್ತಿದಳು.

ಅವನು ನನ್ನ ಗಾಡಿಯ ಸದ್ದಿಗೆ ಕಿವಿಗೊಟ್ಟ. ಆಮೇಲೆ ಅವಳ ತಲೆಯ ಮೇಲಿಂದ ರಸ್ತೆಯತ್ತ ನೋಡುತ್ತ ನರ್ಸಿಗೆ ಹೇಳಿದ:

“ಯಾರ್ದೋ ಗಾಡಿ. ತಾಳಮ್ಮ, ನಮ್ಮೋಳು ಇನ್ನೇನ್ ಬರ್ತಾಳೆ.”