ಆಯುಧಪೂಜೆಯ ಮರುದಿನ ಮೊಂಡು ಹಿಡಿದ ಕಂಪ್ಯೂಟರ್

"ಮಾಮೀ! ಓಡಿ ಬನ್ನಿ ಮಾಮೀ! ನನ್ನ ಪ್ರಾಜೆಕ್ಟ್ ಹೋಯ್ತು!"

ಕೆಳಗಿನ ಮನೆಯಿಂದ ಕೃಪಾ ಹಾಕಿದ ಆ ಕೂಗಿಗೆ ನಾರಾಯಣಪ್ಪನವರ ಕೈಯಲ್ಲಿದ್ದ ಮಜ್ಜಿಗೆ ಅರ್ಧ ಪಂಚೆಯ ಮೇಲೂ ಅರ್ಧ ನೆಲದ ಮೇಲೂ ಚೆಲ್ಲಿತು. 1997ರ ವಿಜಯದಶಮಿ, ಶನಿವಾರ, ಮಧ್ಯಾಹ್ನ ಎರಡು ಗಂಟೆ. ಹಬ್ಬದ ಊಟ ಮಾಡಿ ಮಲಗುವ ಸುಖಕ್ಕೆ ಸಮನಾದದ್ದು ಭೂಮಿಯ ಮೇಲಿಲ್ಲ ಎಂದು ನಂಬಿದ್ದ ಮನುಷ್ಯ ಅವರು. ಆದರೆ ಆ ಸುಖ ಅವರ ಹಣೆಯಲ್ಲಿ ಬರೆದಿರಲಿಲ್ಲ. ಅವರು ರಂಗನಾಯಕಿಯನ್ನು ಮದುವೆಯಾಗಿದ್ದರು.

ರಂಗನಾಯಕಿ ಸೇಲಂನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ದುಡಿದು, ಕೊನೆಗೆ ಅಲ್ಲಿನ ಕಂಪ್ಯೂಟರನ್ನೂ ಕಲಿತು ನಿವೃತ್ತರಾಗಿದ್ದವರು. ಬೀದಿಯಲ್ಲಿ ಚಪ್ಪಲಿ ಕಳೆದರೂ ಸರ, ಬಳೆ ಕಳೆದರೂ ಜನ ಮೊದಲು ಅವರ ಮಹಡಿ ಮೆಟ್ಟಿಲು ಹತ್ತುತ್ತಿದ್ದರು. ನಿವೃತ್ತ ಡ್ರಿಲ್ ಮಾಸ್ಟರಾದ ನಾರಾಯಣಪ್ಪ ಹಿಂದೆಯೇ ಹೋಗಿ, ನಡೆದದ್ದನ್ನೆಲ್ಲ ನೋಡಿ, ಪ್ರತಿ ಸಲವೂ ತಪ್ಪಾದ ಕಳ್ಳನನ್ನೇ ಹಿಡಿಯುತ್ತಿದ್ದರು.

"ಏನ್ರೀ, ಟಾರ್ಚು ತಗೊಳ್ಳಿ."

"ಮಟಮಟ ಮಧ್ಯಾಹ್ನ ಟಾರ್ಚು ಯಾಕೇ?"

"ತಗೊಳ್ಳಿ ಅಂದೆ."

ಕೆಳಗೆ ಹೋದರೆ ಮನೆ ರಣರಂಗವಾಗಿತ್ತು. ಕೃಪಾ ಹೋಮ್ ಸೈನ್ಸ್ ಎಂ.ಎಸ್‌ಸಿ. ಕೊನೆಯ ವರ್ಷದಲ್ಲಿದ್ದಳು. ಸೇಲಂ ಸುತ್ತಮುತ್ತಲ ಕನ್ನಡ ಮನೆಗಳ ಹಬ್ಬದ ಅಡುಗೆಯ ಮೇಲೆ ಅರವತ್ತನಾಲ್ಕು ಪುಟದ ವರದಿಯನ್ನು ಮೂರು ತಿಂಗಳು ಕೂತು ಟೈಪ್ ಮಾಡಿದ್ದಳು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅದು ಕಾಲೇಜಿಗೆ ಸೇರದಿದ್ದರೆ ಒಂದು ವರ್ಷ ಮಣ್ಣುಪಾಲು. ಈಗ ಕಂಪ್ಯೂಟರಿನ ಕಪ್ಪು ಪರದೆಯ ಮೇಲೆ ಒಂದೆರಡು ಬಿಳಿ ಸಾಲು ಬಿಟ್ಟರೆ ಬೇರೇನೂ ಇರಲಿಲ್ಲ.

"ವಿಂಡೋಸೇ ಬರ್ತಿಲ್ಲ ಮಾಮಿ. ಇನ್‌ವ್ಯಾಲಿಡ್ ಸಿಸ್ಟಮ್ ಡಿಸ್ಕ್ ಅಂತೆ. ಡಿಸ್ಕ್ ಬದಲಿಸಿ ಯಾವುದಾದರೂ ಕೀ ಒತ್ತು ಅಂತೆ. ಒತ್ತಿದರೆ ಮತ್ತೆ ಅದನ್ನೇ ಹೇಳುತ್ತೆ," ಎಂದು ಕೃಪಾ ಮೂಗು ಒರೆಸಿಕೊಂಡಳು.

"ಕಂಪ್ಯೂಟರ್ ಅಂಗಡಿಯ ಭರತ್‌ಗೆ ಫೋನ್ ಮಾಡಿದೆ," ಎಂದರು ಅವಳ ತಂದೆ ವೆಂಕಟರಾಮ. "ಡಿಸ್ಕ್ ಹೋಗಿದೆ ಸಾರ್, ಫಾರ್ಮ್ಯಾಟ್ ಮಾಡಿಬಿಡೋಣ ಅಂದ. ನಾಲ್ಕು ಗಂಟೆಗೆ ಬರ್ತಾನೆ."

"ಫಾರ್ಮ್ಯಾಟ್ ಮಾಡಿದರೆ ಒಳಗಿರೋದೆಲ್ಲ ಅಳಿಸಿಹೋಗುತ್ತೆ ಮಾಮಿ!"

"ಬೇರೆ ಎಲ್ಲಾದರೂ ನಕಲು ಇಟ್ಟಿದ್ದೀಯಾ?" ಎಂದು ಕೇಳಿದರು ರಂಗನಾಯಕಿ.

"ಕಂಪ್ಯೂಟರಲ್ಲೇ ಇತ್ತಲ್ಲ ಅಂತ..."

ರಂಗನಾಯಕಿ ಬೈಯಲಿಲ್ಲ. ಅಳುವ ಹುಡುಗಿಗೆ ಬೈಯುವುದು ದಂಡ ಎಂದು ಅವರಿಗೆ ಗೊತ್ತಿತ್ತು. "ಕೊನೇ ಸಲ ಸರಿಯಾಗಿ ಓಡಿದ್ದು ಯಾವಾಗ?"

"ಗುರುವಾರ ರಾತ್ರಿ. ನಿನ್ನೆ ಆಯುಧಪೂಜೆ ಅಂತ ಅಜ್ಜಿ ಹಾಕೋಕ್ಕೇ ಬಿಡಲಿಲ್ಲ. ಇವತ್ತು ವಿದ್ಯೆಗೆ ಒಳ್ಳೇ ದಿನ ಅಂತ ಅವರೇ ಹಾಕು ಅಂದರು."

ಕಂಪ್ಯೂಟರ್ ಪೂಜೆಯ ವೇಷದಲ್ಲೇ ಕೂತಿತ್ತು. ಪರದೆಯ ನೆತ್ತಿಗೆ ಗಂಧ, ಕುಂಕುಮ. ಡಬ್ಬಿಯ ಮುಂಭಾಗಕ್ಕೆ ಒತ್ತಾಗಿ ಕಟ್ಟಿದ ಚೆಂಡುಹೂವಿನ ಮಾಲೆ. ಮಾಲೆಯ ಕೆಳಗೆ ಸ್ವಿಚ್ಚು ಮಾತ್ರ ಕಾಣುತ್ತಿತ್ತು. ಕೃಪಾ ಇನ್ನೊಮ್ಮೆ ಕೀ ಒತ್ತಿದಾಗ ಡಬ್ಬಿ ಕರ್ರ್, ಕರ್ರ್ ಎಂದು ಗೊಣಗಿ, ಹಳೇ ಸಾಲನ್ನೇ ಪರದೆಯ ಮೇಲೆ ಹಾಕಿತು.

"ಮಾಲೆ ಮುಟ್ಟಬೇಡಿ ಮತ್ತೆ!" ಎಂದು ದೇವರ ಮನೆಯಿಂದ ಅಜ್ಜಿ ತುಂಗಾಬಾಯಿ ಕೂಗಿದರು. "ಸಾಯಂಕಾಲ ಆರತಿ ಆಗೋವರೆಗೂ ಯಾವುದನ್ನೂ ತೆಗೆಯೋ ಹಾಗಿಲ್ಲ."

ವೆಂಕಟರಾಮ ಜೇಬಿನಿಂದ ಹಸಿರು ಬಣ್ಣದ ಫ್ಲಾಪಿಯೊಂದನ್ನು ತೆಗೆದು ಮೇಜಿನ ಮೇಲೆ ಎಸೆದರು. "ಪತ್ತೆ ಮಾಡೋದು ಏನೂ ಇಲ್ಲ ಮಾಮಿ. ಎದುರು ರೂಮಿನ ಅಶ್ವತ್ಥ್ ನಿನ್ನೆ ಕಡಲೆ ಸುಂಡಲ್ ತಿನ್ನೋಕೆ ಬಂದಿದ್ದ. ಹತ್ತು ನಿಮಿಷ ಈ ರೂಮಿನಲ್ಲಿ ಒಬ್ಬನೇ ಇದ್ದ. ಇದು ಅವನ ಕಾರ್ ಗೇಮು, ಅವನ ಕೈಯಿಂದಲೇ ಕಿತ್ತುಕೊಂಡೆ. ವೈರಸ್ ತಂದು ಬಿಟ್ಟಿದ್ದಾನೆ. ಇನ್ನು ಈ ಮನೆ ಹೊಸಿಲು ತುಳಿಯಲಿ ನೋಡ್ತೀನಿ!"

ನಾರಾಯಣಪ್ಪನವರಿಗೆ ಇದು ಪೂರ್ತಿ ಒಪ್ಪಿಗೆಯಾಯಿತು. "ಅವನೇ ಕಣೇ," ಎಂದು ಹೆಂಡತಿಯ ಕಿವಿಯಲ್ಲಿ ಉಸುರಿದರು.

"ಹಾಗಾದರೆ ಅವನಲ್ಲ," ಎಂದು ರಂಗನಾಯಕಿ ಪಿಸುಗುಟ್ಟಿ, ಅಶ್ವತ್ಥನನ್ನು ಕರೆಸಿದರು.

ಪೆನ್ನಾಗರಂ ಕಡೆಯ ಅಶ್ವತ್ಥ್ ಲಾರಿ ಆಫೀಸಿನಲ್ಲಿ ಗುಮಾಸ್ತ. ಆರಡಿ ಆಳು, ಬಾಗಿಲ ಬಳಿ ಕೈಕಟ್ಟಿ ನಿಂತ. "ಸತ್ಯವಾಗ್ಲೂ ನಾ ಮುಟ್ಟಿಲ್ಲಾ ಮಾಮಿ. ಗೇಮು ಹಾಕಾಣ ಅಂತ್ಲೇ ಬಂದೆ. ಪೂಜೆ ಆಗೈತೆ, ಮುಟ್ಟಬ್ಯಾಡ ಅಂದ್ರು ಪಾಟಿ," ಎಂದು ಅಜ್ಜಿಯಿದ್ದ ದೇವರ ಮನೆಯ ಕಡೆ ಕೈ ತೋರಿದ. "ಅಲ್ಲೇ ಕುಂತ್ಕಂಡಿದ್ದು ಎದ್ದೋದೆ, ಅಷ್ಟೇ."

"ಹತ್ತು ನಿಮಿಷ ಸುಮ್ಮನೆ ಕೂತು ಏನು ಮಾಡಿದೆ?"

ಅಶ್ವತ್ಥನ ಮುಖ ಕೆಂಪಾಯಿತು. "ಏನೂ ಇಲ್ಲ ಮಾಮಿ," ಎಂದು ನೆಲ ನೋಡಿದ.

"ನೋಡಿದಿರಾ ಮುಖ?" ಎಂದರು ವೆಂಕಟರಾಮ.

ರಂಗನಾಯಕಿ ಟಾರ್ಚು ಇಸಿದುಕೊಂಡು ಪರದೆಯ ಹಿಂದೆ ಬೆಳಕು ಬಿಟ್ಟರು. ಏನೋ ಕಂಡಿತು; ಟಾರ್ಚು ಆರಿಸಿದರು. ಆಮೇಲೆ ದೇವರ ಮನೆಗೆ ಹೋದರು. ತುಂಗಾಬಾಯಿ ಹೆಮ್ಮೆಯಿಂದ ಒಂದೊಂದನ್ನೇ ತೋರಿಸಿದರು. ಮಿಕ್ಸಿ ಜಾರಿನೊಳಗೆ ಒಂದು ಚಿಟಿಕೆ ಸಕ್ಕರೆ. ರುಬ್ಬುವ ಕಲ್ಲಿನ ಗುಳಿಯಲ್ಲಿ ಒಂದು ಹಿಡಿ ಅಕ್ಕಿ. ಹೊಲಿಗೆ ಮೆಷಿನ್ನಿನ ಸೂಜಿಯ ಕೆಳಗೆ ಕೆಂಪು ಬಟ್ಟೆಯ ಚೂರು. ಕತ್ತರಿಯ ಬಾಯಲ್ಲಿ ವೀಳ್ಯದೆಲೆ. ತಟ್ಟೆಯಲ್ಲಿ ಕಪ್ಪು ಫ್ಲಾಪಿಗಳು, ಪ್ರತಿಯೊಂದಕ್ಕೂ ಗಂಧದ ಬೊಟ್ಟು.

"ಕೃಪಾ, ಪೆಟ್ಟಿಗೆಯಲ್ಲಿ ಎಷ್ಟು ಫ್ಲಾಪಿ ಇದ್ದವು?"

"ಹತ್ತು ಮಾಮಿ. ಹತ್ತನ್ನೂ ಪೂಜೆಗೆ ಕೊಟ್ಟೆ."

ನಾರಾಯಣಪ್ಪ ಎರಡು ಸಲ ಎಣಿಸಿದರು. ಎರಡು ಸಲವೂ ಒಂಬತ್ತೇ ಬಂತು.

"ತುಂಗಾಬಾಯಿಯವರೇ, ಪೂಜೆ ಆದಮೇಲೆ ಕಂಪ್ಯೂಟರನ್ನ ಯಾರಾದರೂ ಮುಟ್ಟಿದರಾ?"

"ಪೂಜೆ ಆದಮೇಲೆ ಮುಟ್ಟೋದುಂಟಾ? ನಾನು ಇಲ್ಲಿಂದಲೇ ಕಾವಲು ಕಾಯ್ತಿದ್ದೆ!"

ನಾಲ್ಕಕ್ಕೆ ಸರಿಯಾಗಿ ಭರತ್ ಸ್ಕ್ರೂಡ್ರೈವರ್ ತಿರುಗಿಸುತ್ತಾ ಬಂದ. ಪರದೆಯ ಮೇಲಿನ ಸಾಲು ಓದಿದವನೇ, "ನಾನ್ ಹೇಳ್ಲಿಲ್ವಾ ಸಾರ್? ಡಿಸ್ಕ್ ಅವುಟ್. ಫಾರ್ಮ್ಯಾಟ್ ಮಾಡಿಬಿಡ್ತೀನಿ," ಎಂದು ಚೀಲ ಬಿಚ್ಚಿದ. ಕೃಪಾ ಕಂಪ್ಯೂಟರಿಗೆ ಅಡ್ಡ ನಿಂತಳು.

"ಆ ಚೀಲ ಕಟ್ಟಿಡಪ್ಪಾ," ಎಂದರು ರಂಗನಾಯಕಿ. "ಎಲ್ಲರೂ ಕೂತ್ಕೊಳ್ಳಿ. ಅಶ್ವತ್ಥ್, ನೀನೂ ಒಳಗೆ ಬಾ."

ವೆಂಕಟರಾಮ ಹಲ್ಲು ಕಚ್ಚಿಕೊಂಡು ಜಾಗ ಬಿಟ್ಟರು. ರಂಗನಾಯಕಿ ಸೆರಗು ಬಿಗಿದು ಶುರು ಮಾಡಿದರು.

"ಮೊದಲು ಅಶ್ವತ್ಥನ ವಿಷಯ. ಅವನು ಗುಟ್ಟು ಮಾಡಿದ್ದೇನೋ ನಿಜ. ಪರದೆಯ ಹಿಂದೆ ನಾಲ್ಕು ಖಾಲಿ ದೊನ್ನೆ ಇವೆ. ಮನೆಯವರ ಮುಂದೆ ಒಂದು ತಿಂದು, ಇನ್ನೂ ನಾಲ್ಕು ದೊನ್ನೆ ಸುಂಡಲ್ ಯಾರಿಗೂ ಕಾಣದ ಹಾಗೆ ತಂದು ಇಲ್ಲಿ ಕೂತು ತಿಂದಿದ್ದಾನೆ. ಹತ್ತು ನಿಮಿಷಕ್ಕೆ ಅಷ್ಟೇ ಆಗುತ್ತೆ."

ಅಶ್ವತ್ಥ್ ತಲೆ ಕೆರೆದುಕೊಂಡ. "ಪಾಟಿ ಕೈ ರುಚಿ ಅಂಗೈತೆ ಮಾಮಿ. ಇನ್ನೊಂದು ಕೊಡಿ ಅನ್ನಾಕೆ ನಾಚ್ಕೆ ಆಯ್ತು."

"ಅವನ ಫ್ಲಾಪಿ ಹಸಿರು, ಅವನ ಕೈಯಲ್ಲೇ ಇತ್ತು. ಕಾಣೆಯಾದದ್ದು ಕಪ್ಪು ಫ್ಲಾಪಿ, ಗಂಧ ಹಚ್ಚಿದ್ದು. ಎರಡನೇದು, ಕಂಪ್ಯೂಟರ್ ಹೇಳ್ತಿರೋ ಮಾತು. ಡಿಸ್ಕ್ ಬದಲಿಸು ಅನ್ನುತ್ತೆ. ಹಾರ್ಡ್ ಡಿಸ್ಕು ಡಬ್ಬಿಯೊಳಗೆ ಸ್ಕ್ರೂ ಹಾಕಿ ಕೂರಿಸಿರೋದು. ಅದನ್ನು ಬದಲಿಸಿ ಒಂದು ಕೀ ಒತ್ತು ಅಂತ ಯಾರಾದರೂ ಬರೀತಾರಾ? ಕೈಯಲ್ಲಿ ತೆಗೆದು ಹಾಕೋ ಡಿಸ್ಕು ಒಂದೇ."

"ಫ್ಲಾಪಿ!" ಎಂದ ಭರತ್. ಅವನ ಸ್ಕ್ರೂಡ್ರೈವರ್ ತಿರುಗುವುದು ನಿಂತಿತು.

"ಮೂರನೇದು, ಆ ಕರ್ರ್ ಸದ್ದು. ಕೀ ಒತ್ತಿದಾಗಲೆಲ್ಲ ಮಾಲೆಯ ಹಿಂದಿಂದ ಬರುತ್ತೆ. ಈ ಕಂಪ್ಯೂಟರ್ ಹಾಕಿದ ಕೂಡಲೇ ಮೊದಲು ನೋಡೋದು ಫ್ಲಾಪಿ ಗೂಡನ್ನ. ಅಲ್ಲಿ ಫ್ಲಾಪಿ ಇದ್ದರೆ ವಿಂಡೋಸನ್ನ ಅಲ್ಲೇ ಹುಡುಕುತ್ತೆ, ಸಿಗದಿದ್ದರೆ ಮೊಂಡು ಹಿಡಿಯುತ್ತೆ. ಹಾರ್ಡ್ ಡಿಸ್ಕ್ ಕಡೆ ತಿರುಗಿಯೂ ನೋಡಲ್ಲ."

"ಯಾರು ಹಾಕಿದರು ಮಾಮಿ?" ಎಂದಳು ಕೃಪಾ.

"ಈ ಮನೆಯಲ್ಲಿ ಪೂಜೆಗೆ ಕೂತ ಯಾವ ಸಾಮಾನಿನ ಬಾಯೂ ಬರಿದಾಗಿಲ್ಲ. ಮಿಕ್ಸಿಗೆ ಸಕ್ಕರೆ, ಕಲ್ಲಿಗೆ ಅಕ್ಕಿ, ಕತ್ತರಿಗೆ ಎಲೆ. ಕಂಪ್ಯೂಟರ್ ಒಂದನ್ನೇ ಉಪವಾಸ ಕೆಡವಿದ್ದಾರಾ?"

ಎಲ್ಲರೂ ತುಂಗಾಬಾಯಿಯ ಕಡೆ ತಿರುಗಿದರು. ಅಜ್ಜಿ ಒಂದಿಷ್ಟೂ ಅಳುಕಲಿಲ್ಲ. "ಹೌದು, ನಾನೇ ಇಟ್ಟೆ. ಆಯುಧಪೂಜೆ ದಿವಸ ಕೆಲಸದ ಸಾಮಾನು ಬರೀ ಬಾಯಲ್ಲಿ ಇರಬಾರದು ಅಂತ ನಮ್ಮತ್ತೆ ಹೇಳಿಕೊಟ್ಟದ್ದು. ಇದಕ್ಕೂ ಅಕ್ಕಿಯೇ ಹಾಕೋಣ ಅಂತಿದ್ದೆ. ಕೃಪಾ ಆಗಾಗ ಫ್ಲಾಪೀನೇ ತಿನ್ನಿಸ್ತಾಳಲ್ಲ ಅಂತ ಒಂದು ಫ್ಲಾಪಿ ಇಟ್ಟು ಮಾಲೆ ಕಟ್ಟಿದೆ."

"ಮುರುಗಾ!" ಎಂದ ಭರತ್. "ಅಕ್ಕಿ ಹಾಕಿದ್ರೆ ಗತಿ ಏನಾಗ್ತಿತ್ತು!"

"ಮಾಮಿ ಕೇಳಿದಾಗ ಯಾಕಮ್ಮಾ ಹೇಳಲಿಲ್ಲ?" ಎಂದು ಸಿಡುಕಿದರು ವೆಂಕಟರಾಮ.

"ಪೂಜೆ ಆದಮೇಲೆ ಮುಟ್ಟಿದರಾ ಅಂತ ಕೇಳಿದರು. ನಾನು ಇಟ್ಟದ್ದು ಪೂಜೆ ಮಾಡುವಾಗ!"

ರಂಗನಾಯಕಿ ಅಜ್ಜಿಯ ಅಪ್ಪಣೆ ಪಡೆದು ಮಾಲೆ ಸರಿಸಿದರು. ಫ್ಲಾಪಿ ಗೂಡಿನ ಗುಂಡಿ ಒತ್ತಿದ್ದೇ ತಡ, ಕಪ್ಪು ಫ್ಲಾಪಿ ಗಂಧ, ಕುಂಕುಮದ ಸಮೇತ ಹೊರಗೆ ಬಂತು. ಕೃಪಾ ಕೀ ಒತ್ತಿದಳು. ಪರದೆಯ ಬಿಳಿ ಸಾಲುಗಳು ಮಾಯವಾದವು. ಆಮೇಲೆ ನೀಲಿ ಆಕಾಶ, ಬಿಳಿ ಮೋಡ, ವಿಂಡೋಸ್! ವರದಿಯ ಅರವತ್ತನಾಲ್ಕು ಪುಟವೂ ಇದ್ದಲ್ಲೇ ಇತ್ತು. ನಾರಾಯಣಪ್ಪ ಸಂತೋಷ ತಡೆಯಲಾರದೆ ಭರತ್‌ನನ್ನೇ ತಬ್ಬಿಕೊಂಡುಬಿಟ್ಟರು.

ವೆಂಕಟರಾಮ ಗಂಟಲು ಸರಿಮಾಡಿಕೊಂಡು ಹಸಿರು ಫ್ಲಾಪಿಯನ್ನು ಅಶ್ವತ್ಥನ ಕೈಗಿತ್ತರು. "ತಪ್ಪಾಯ್ತಪ್ಪಾ. ಮನಸ್ಸಲ್ಲಿ ಇಟ್ಕೋಬೇಡ."

"ಪರವಾಗಿಲ್ಲ ಬುಡಿ ಸಾರ್. ಸುಂಡಲ್ ಇನ್ನೂ ಐತಾ?"

"ಸುಂಡಲ್ಲು ಆಮೇಲೆ," ಎಂದರು ರಂಗನಾಯಕಿ. "ಭರತ್, ಇನ್ನು ಮೇಲೆ ಮೊದಲು ಹಾರ್ಡ್ ಡಿಸ್ಕನ್ನೇ ನೋಡೋ ಹಾಗೆ ಸೆಟ್ಟಿಂಗ್ ಬದಲಿಸು. ಹೀಗೆ ಮರೆತುಬಿಟ್ಟ ಫ್ಲಾಪಿಯಿಂದಲೇ ವೈರಸ್ಸೂ ಒಳಗೆ ನುಗ್ಗೋದು. ಹೊರಗಿನ ಫ್ಲಾಪಿ ಯಾರದ್ದೇ ಆಗಲಿ, ಪರೀಕ್ಷೆ ಮಾಡದೆ ತೆರೆಯಬೇಡಿ. ಕೃಪಾ, ವರದಿಯನ್ನ ಈಗಲೇ ಎರಡು ಫ್ಲಾಪಿಗೆ ನಕಲು ಮಾಡು. ಆಮೇಲೆ ಫ್ಲಾಪಿಯ ಮೂಲೆಯಲ್ಲಿರೋ ಪುಟ್ಟ ಚೌಕದ ಗುಂಡಿ ಸರಿಸಿದರೆ ಮತ್ತೆ ಯಾರೂ ಅಳಿಸೋಕ್ಕಾಗಲ್ಲ. ಒಂದು ನಿನ್ನ ಹತ್ತಿರ, ಒಂದು ನಮ್ಮ ಮನೆಯಲ್ಲಿ."

ಇಷ್ಟು ಹೊತ್ತಿಗೆ ತುಂಗಾಬಾಯಿ ಮೂಲೆ ಸೇರಿದ್ದರು. ಬೈಸಿಕೊಂಡಾಗ ಅಳದ ಅಜ್ಜಿಗೆ ಈಗ ಕಣ್ಣು ತುಂಬಿತ್ತು. "ಮಗುವಿನ ಒಂದು ವರ್ಷ ನನ್ನಿಂದಲೇ ಹಾಳಾಗುತ್ತಿತ್ತಲ್ಲ. ಇನ್ನು ಆ ಡಬ್ಬಿ ಹತ್ತಿರ ಸುಳಿಯಲ್ಲ ತಾಯೀ," ಎಂದು ಸೆರಗು ಬಾಯಿಗೊತ್ತಿಕೊಂಡರು.

ಕೃಪಾ ಎದ್ದು ಹೋಗಿ ಅಜ್ಜಿಯ ಕೈ ಹಿಡಿದಳು. "ಈ ಅರವತ್ತನಾಲ್ಕು ಪುಟವೂ ನೀವು ಹೇಳಿದ್ದೇ ಅಜ್ಜಿ. ನಾನು ಟೈಪ್ ಮಾಡಿದೆ, ಅಷ್ಟೇ. ಬನ್ನಿ ಇಲ್ಲಿ, ಪ್ರಿಂಟ್ ನೀವೇ ಕೊಡಬೇಕು," ಎಂದು ಎಳೆತಂದು, ಅಜ್ಜಿಯ ತೋರುಬೆರಳನ್ನು ಕೀ ಮೇಲಿಟ್ಟಳು.

ಅಜ್ಜಿ ಕಣ್ಣು ಮುಚ್ಚಿ ಒತ್ತಿದರು. ಪಕ್ಕದ ಪ್ರಿಂಟರ್ ಕಿರ್ರೋ ಎಂದು ಕಿರುಚಿತು.

"ಅಯ್ಯಯ್ಯೋ! ಮತ್ತೆ ಕೆಡಿಸಿಬಿಟ್ಟೆನಾ!" ಎಂದು ತುಂಗಾಬಾಯಿ ಹಾರಿ ಬಿದ್ದರು.

"ಇಲ್ಲ ಅಜ್ಜಿ," ಎಂದು ಅಳುತ್ತಾ ನಗುತ್ತಾ ಕೃಪಾ ಅವರನ್ನು ಅಪ್ಪಿಕೊಂಡಳು. "ನಿಮ್ಮ ಮೊದಲನೇ ಪುಟ ಬರ್ತಾ ಇದೆ."