ನಲ್ಲಿಗೆ ಡಿಕ್ಕಿ ಹೊಡೆದ ಸ್ಪಾರ್ಟಾ ಸೈನ್ಯ

ಸ್ಪಾರ್ಟಾದ ಸೈನ್ಯ ಮೂರನೇ ಸಲವೂ ಹೋಗಿ ನಲ್ಲಿಗೇ ಡಿಕ್ಕಿ ಹೊಡೀತು.

ಮೊದಲು ಬಿದ್ದಿದ್ದು ಕ್ಯಾಪ್ಟನ್. ಕ್ಯಾಪ್ಟನ್ ಮೇಲೆ ಆಮೆ, ಆಮೆ ಮೇಲೆ ಅವಳಿ, ಅವಳಿ ಮೇಲೆ ಜವಳಿ. ಎಲ್ಲರ ಮೇಲೆ ನಾಲ್ಕು ರಟ್ಟಿನ ಗುರಾಣಿ. ನಲ್ಲಿ ಕೆಳಗಿನ ಕೆಸರಲ್ಲಿ ಯಾವ ಕಾಲು ಯಾರದು ಅಂತ ಹುಡುಕಿ ಎತ್ಕೊಳ್ಳೋಕೇ ಸ್ವಲ್ಪ ಹೊತ್ತು ಹಿಡೀತು.

"ರೀ ಸ್ಪಾರ್ಟಾದವರೇ! ಯುದ್ಧ ಈ ಕಡೆ! ಆ ಕಡೆ ಇರೋದು ಬರೀ ನಲ್ಲಿ! ಓವರ್!" ಅಂತ ಕಮಾಂಡೋ ಕೂಗಿದ.

ಕಮಾಂಡೋ ಅಂದ್ರೆ ನಿಜವಾದ ಕಮಾಂಡೋ ಅಲ್ಲ. ಐದನೇ ಕ್ಲಾಸಿನ ಹುಡುಗ. ಅವನ ಹತ್ರ ಹಸಿರು ಚುಕ್ಕೆಯ ಸೈನಿಕರ ಟೋಪಿ ಒಂದಿತ್ತು. ಸ್ನಾನಕ್ಕೆ ಹೋಗುವಾಗಲೂ ಅದನ್ನ ತೆಗೆಯಲ್ಲ ಅಂತ ಸುದ್ದಿ. ಆಟದ ವಾಕಿಟಾಕಿಯೂ ಇತ್ತು. ಅದು ಕೈಗೆ ಬಂದಾಗಿಂದ ಅವನ ಪ್ರತಿ ಮಾತೂ 'ಓವರ್'. ಸ್ವಲ್ಪ ಓವರೇ ಆಗಿತ್ತು.

ಕೆಸರಿಂದ ಎದ್ದ ಸ್ಪಾರ್ಟಾ ಕ್ಯಾಪ್ಟನ್ ಹೆಸರು ರೇಡಿಯೋ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಅದು ಹಾಜರಿ ಕೂಗುವಾಗ ಮಾತ್ರ ಕೇಳಿಸ್ತಿತ್ತು. ಬೆಳಿಗ್ಗೆ ಶುರುವಾದ್ರೆ ರಾತ್ರಿ ನಿದ್ದೆ ಬರೋವರೆಗೂ ಮಾತು. ಅವಳನ್ನ ಆಫ್ ಮಾಡೋ ಬಟನ್ ಇನ್ನೂ ಯಾರಿಗೂ ಸಿಕ್ಕಿರಲಿಲ್ಲ.

ಇಷ್ಟಕ್ಕೆಲ್ಲ ಕಾರಣ ಹಿಸ್ಟರಿ ಮಿಸ್. "ಎರಡೂವರೆ ಸಾವಿರ ವರ್ಷದ ಹಿಂದಿನ ಸ್ಪಾರ್ಟಾದ ವೀರರು, ಈಗಿನ ಸೈನಿಕರು, ಎದುರುಬದುರು ಬಂದ್ರೆ ಯಾರು ಗೆಲ್ತಾರೆ?" ಅಂತ ಅವರು ಸುಮ್ಮನೆ ಕೇಳಿದ್ರು. ಕ್ಲಾಸು ಸುಮ್ಮನಿರಲಿಲ್ಲ. ಅರ್ಧ ಕ್ಲಾಸು ಸ್ಪಾರ್ಟಾ ಅಂತು, ಇನ್ನರ್ಧ ಬೆಂಚು ಗುದ್ದಿತು.

"ಬೆಂಚು ಮುರೀಬೇಡ್ರೋ! ಶುಕ್ರವಾರ ಅಂಗಳದಲ್ಲಿ ನೋಡೇಬಿಡೋಣ," ಅಂದ್ರು ಮಿಸ್.

ನಲ್ಲಿ ಹತ್ರ ಗುರುವಾರ ನಡೀತಿದ್ದಿದ್ದು ಅದರ ಅಭ್ಯಾಸ. ಆಟ ಹೀಗೆ. ಸ್ಪಾರ್ಟಾದ ನಾಲ್ಕು ಜನ ಭುಜಕ್ಕೆ ಭುಜ ತಾಗಿಸಿ, ಗುರಾಣಿ ಹಿಡಿದು, ಗೇಟಿಂದ ಎದುರಿನ ಹಳದಿ ಗೋಡೆವರೆಗೆ ನಡೀಬೇಕು. ಈಗಿನ ಕಾಲದ ಸೈನಿಕರು ದೂರದಿಂದ ಒದ್ದೆ ಸ್ಪಂಜು ಎಸೀಬೇಕು. ಸಾಲು ಮುರೀದೆ ಗೋಡೆ ಮುಟ್ಟಿದ್ರೆ ಸ್ಪಾರ್ಟಾ ಗೆದ್ದಂಗೆ. ಇಲ್ಲಾಂದ್ರೆ ಕಮಾಂಡೋ ಗೆದ್ದಂಗೆ.

"ಗುರಾಣಿ ಎಡಗೈಲಿ ಹಿಡೀಬೇಕು," ಅಂತ ಮಿಸ್ ಹೇಳಿಕೊಟ್ಟಿದ್ರು. "ಅರ್ಧ ನಿಮಗೆ, ಅರ್ಧ ನಿಮ್ಮ ಎಡಗಡೆ ನಿಂತವರಿಗೆ."

ರೇಡಿಯೋ ಬಲಗಡೆ ತುದೀಲಿ ನಿಂತಳು. ಲೈಬ್ರರಿ ಪುಸ್ತಕದಲ್ಲಿ 'ಬಲತುದಿ ಗೌರವದ ಜಾಗ' ಅಂತ ಇತ್ತು. ಯಾಕೆ ಗೌರವ ಅಂತ ಮುಂದಿನ ಸಾಲಲ್ಲಿ ಇತ್ತೋ ಏನೋ. ಅಷ್ಟು ದೂರ ಅವಳು ಓದಿರಲಿಲ್ಲ.

ಅವಳ ಎಡಕ್ಕೆ ಆಮೆ. ನಡಿಗೆ ನಿಧಾನ, ಊಟ ನಿಧಾನ, ಮಾತಂತೂ ಇನ್ನೂ ನಿಧಾನ. ಹಾಗಂತ ಅವನಿಗೇನೂ ಬೇಜಾರಿರಲಿಲ್ಲ. ತನ್ನ ಗುರಾಣಿ ಮೇಲೆ ತಾನೇ ಒಂದು ಆಮೆ ಚಿತ್ರ ಬರೆದುಕೊಂಡಿದ್ದ. ಆಮೆಯ ಎಡಕ್ಕೆ ಅವಳಿ, ಜವಳಿ. ಒಂದೇ ದಿನ ಹುಟ್ಟಿದ ಅಣ್ಣ ತಮ್ಮ, ಅವತ್ತಿಂದ ಇವತ್ತಿನವರೆಗೂ ಜಗಳ.

"ನೀನು ಯಾಕೋ ನನ್ನ ತಳ್ತೀಯಾ?" ರೇಡಿಯೋ ಆಮೆ ಮೇಲೆ ಹರಿಹಾಯ್ದಳು. ಅವಳ ಮೂಗಿನ ಮೇಲೂ ಕೆಸರು. "ಮೂರು ಸಲ! ಮೂರು ಸಲವೂ ನೀನೇ!"

"ನಾನಲ್ಲ... ನೀನು ಗುರಾಣೀನ..."

"ನನ್ನ ಗುರಾಣಿ ಸುದ್ದಿಗೆ ಬರಬೇಡ!"

"ಅಲ್ಲ... ನೀನು ಗುರಾಣೀನ ಆ ಕಡೆ..."

"ಆ ಕಡೆನೂ ಇಲ್ಲ, ಈ ಕಡೆನೂ ಇಲ್ಲ. ನಾಳೆ ನೀನು ಬರ್ಲೇಬೇಡ. ಕಂಬ ಹಿಡ್ಕೊಂಡು ನೋಡು, ಸಾಕು!"

ಆಮೆ ಗುರಾಣಿಯನ್ನ ಅವಳ ಕಾಲ ಹತ್ರ ಮೆಲ್ಲಗೆ ಇಟ್ಟು ಹೋದ. ಹೋಗೋದೂ ನಿಧಾನವೇ ಆಗಿದ್ರಿಂದ, ಅವನ ಬೆನ್ನು ತುಂಬಾ ಹೊತ್ತು ಕಾಣ್ತಾನೇ ಇತ್ತು.

ಕಮಾಂಡೋ ಹತ್ರ ಬಂದ. "ಪಂದ್ಯ ನೆನಪಿದೆ ತಾನೇ? ಸೋತ ಕ್ಯಾಪ್ಟನ್ ಸೋಮವಾರ ಇಡೀ ದಿನ ತುಟಿ ಪಿಟಿಕ್ ಅನ್ನಂಗಿಲ್ಲ. ಓವರ್."

ರೇಡಿಯೋ ಬೆರಳು ಮಡಚಿ ಲೆಕ್ಕ ಹಾಕಿದ್ಳು. ಇಡೀ ದಿನ! ಬೆಲ್ಲಿಂದ ಬೆಲ್ಲಿಗೆ! ಇವಳು ಒಮ್ಮೆ ಗಂಟಲು ನೋವು ಬಂದಾಗಲೂ ಡಾಕ್ಟರ್‌ಗೆ ಗಂಟಲು ನೋವಿನ ಬಗ್ಗೆ ಅರ್ಧ ಗಂಟೆ ಮಾತಾಡಿದ್ದಳು.

ಮನೇಲಿ ಚಿಕ್ಕಮ್ಮ ಇದ್ಳು. ಅಮ್ಮನ ತಂಗಿ. ನಿಜವಾದ ಸೈನ್ಯದಲ್ಲಿ ಲಾರಿ ಓಡಿಸ್ತಾಳೆ. ರಜಕ್ಕೆ ಬಂದಿದ್ಳು. ಬಂದವಳು ಕತೆ ಹೇಳ್ತಾಳೆ ಅಂತ ರೇಡಿಯೋ ಕಾದಿದ್ದೇ ಬಂತು. ಚಿಕ್ಕಮ್ಮ ಊಟ ಮಾಡಿದ್ಳು, ಮಲಗಿದ್ಳು. ಎದ್ದು ಸಾಕ್ಸ್ ಒಗೆದಳು. ಬಾಲ್ಕನಿ ಹಗ್ಗದ ಮೇಲೆ ಕ್ಲಿಪ್ ಹಾಕಿ ಸಾಲಾಗಿ ಒಣಗಿಸಿದ್ಳು. ಆ ಸಾಕ್ಸುಗಳ ಸಾಲು ರೇಡಿಯೋ ಸೈನ್ಯಕ್ಕಿಂತ ಎಷ್ಟೋ ನೆಟ್ಟಗಿತ್ತು.

"ಚಿಕ್ಕಮ್ಮಾ, ಸ್ಪಾರ್ಟಾದವರು ಬರಿಗಾಲಲ್ಲಿ ನಡೆದು ಅಭ್ಯಾಸ ಮಾಡ್ತಿದ್ರಂತೆ, ಗೊತ್ತಾ?"

"ಅಯ್ಯೋ ಪಾಪ."

"ಪಾಪನಾ? ಅವರು ವೀರರು! ಏಳು ವರ್ಷಕ್ಕೇ ಮನೆ ಬಿಟ್ಟು ಹೋಗ್ತಿದ್ರು! ವರ್ಷಕ್ಕೆ ಒಂದೇ ಒಂದು ಬಟ್ಟೆ!"

"ಹಾಗಾದ್ರೆ ಒಗೆಯೋದು ಯಾವಾಗ?" ಚಿಕ್ಕಮ್ಮ ಮೂಗು ಹಿಡ್ಕೊಂಡ್ಳು. "ಇಂಥವರು ಬಂದ್ರೆ ಶತ್ರುಗಳು ಹೆದರಿ ಅಲ್ಲ, ಗಾಳಿ ಬೀಸಿದ್ರೇ ಓಡ್ತಾರೆ."

"ತಮಾಷೆ ಬೇಡ. ನೀನು, ಒಬ್ಬ ಸ್ಪಾರ್ಟಾದವನು, ಇಬ್ಬರೂ ಎದುರಿಗೆ ಬಂದ್ರೆ ಯಾರು ಗೆಲ್ತೀರಾ?"

ಚಿಕ್ಕಮ್ಮ ಕ್ಲಿಪ್ಪನ್ನ ಹಲ್ಲಲ್ಲಿ ಕಚ್ಕೊಂಡು ಯೋಚಿಸಿದ್ಳು. "ದೂರದಿಂದ ಆದ್ರೆ ನಾನು. ಹತ್ರ ಬಂದ್ರೆ ಅವನು. ಅವನು ಹತ್ರ ಬರೋದ್ರೊಳಗೆ ನಾನು ಓಡಿರ್ತೀನಿ."

"ಓಡೋದಾ? ಸೈನಿಕರು ಓಡ್ತಾರಾ?"

"ಶೂ ಮತ್ಯಾಕೆ ಕೊಟ್ಟಿದ್ದಾರೆ ಅಂದ್ಕೊಂಡೆ?"

ರೇಡಿಯೋ ಸೋಲು ಒಪ್ಪಲಿಲ್ಲ. ಚಿಕ್ಕಮ್ಮನ ಬೆನ್ನಿನ ಬ್ಯಾಗನ್ನ ಎತ್ತೋಕೆ ನೋಡಿದ್ಳು. ಬ್ಯಾಗು ಅಲ್ಲಾಡಲಿಲ್ಲ, ಅವಳೇ ಅಲ್ಲಾಡಿದ್ಳು.

"ಇಷ್ಟು ಭಾರ ನೀನೇ ಹೊರ್ತೀಯಾ?"

"ಮತ್ತೆ? ನಿನ್ನ ಸ್ಪಾರ್ಟಾದವರ ಸಾಮಾನು ಯಾರು ಹೊರ್ತಿದ್ರು?"

ರೇಡಿಯೋ ಪುಸ್ತಕ ತಿರುವಿ ನೋಡಿದ್ಳು. ದನಿ ಸ್ವಲ್ಪ ಇಳೀತು. "ಗುಲಾಮರು ಅಂತ ಇದೆ..."

"ಹಾಗಾದ್ರೆ ಯಾರು ಗಟ್ಟಿ ಅಂತ ಆ ಗುಲಾಮರನ್ನ ಕೇಳ್ಬೇಕಿತ್ತು," ಅಂದ್ಳು ಚಿಕ್ಕಮ್ಮ. ರೇಡಿಯೋ ಬೇಗ ಬೇಗ ಮುಂದಿನ ಪುಟಕ್ಕೆ ಹೋದ್ಳು.

ಸಂಜೆ ಮಳೆ ಶುರುವಾಯ್ತು. "ಬ್ರೆಡ್ ತಗೊಂಡು ಬನ್ನಿ," ಅಂತ ಅಮ್ಮ ಅಡುಗೆಮನೆಯಿಂದ ಕೂಗಿದ್ಳು. ಮನೇಲಿದ್ದಿದ್ದು ಎರಡು ಕೊಡೆ. ಒಂದರ ಕಡ್ಡಿ ಮುರಿದಿತ್ತು. ಉಳಿದ ಒಂದರಲ್ಲೇ ಇಬ್ಬರೂ ಹೊರಟ್ರು. ರೋಡಿನ ಕಡೆ, ಅಂದ್ರೆ ಬಲಗಡೆ, ಚಿಕ್ಕಮ್ಮ. ಎಡಗಡೆ ರೇಡಿಯೋ.

ಹೋಗ್ತಾ ಬರ್ತಾ ರೇಡಿಯೋದಲ್ಲಿ ಒಂದೇ ಕಾರ್ಯಕ್ರಮ: ಆಮೆ. "ಅವನೇ ತಳ್ಳೋದು ಚಿಕ್ಕಮ್ಮ. ಬೇಕಂತಲೇ. ನನ್ನ ಮೇಲೇ ವಾಲ್ತಾನೆ. ಅವನು ವಾಲಿದ್ರೆ ಅವಳಿ ವಾಲ್ತಾನೆ, ಅವಳಿ ವಾಲಿದ್ರೆ ಜವಳಿ ವಾಲ್ತಾನೆ. ಅದಕ್ಕೇ ತೆಗೆದುಹಾಕ್ದೆ. ಸರಿ ಮಾಡ್ದೆ ತಾನೇ?"

ಚಿಕ್ಕಮ್ಮ "ಕಾಲ ಕೆಳಗೆ ನೀರಿದೆ ನೋಡು, ಸಾಕ್ಸ್ ನೆನೆಯುತ್ತೆ," ಅಂದ್ಳು ಅಷ್ಟೇ.

ಬಾಗಿಲು ತೆಗೆದ ಅಮ್ಮ ಚಿಕ್ಕಮ್ಮನ್ನ ನೋಡಿ ಹಣೆ ಚಚ್ಕೊಂಡ್ಳು. "ಏನೇ ಇದು ಅವತಾರ? ಅರ್ಧ ಒಣ, ಅರ್ಧ ಒದ್ದೆ!"

ರೇಡಿಯೋ ತಿರುಗಿ ನೋಡಿದ್ಳು. ಹೌದು. ಚಿಕ್ಕಮ್ಮನ ಬಲಭುಜ, ಬಲತೋಳು, ಪ್ಯಾಂಟಿನ ಬಲಗಾಲು, ಎಲ್ಲದರಿಂದ ನೀರು ಸೋರ್ತಿತ್ತು. ಎಡಗಡೆ ಮಾತ್ರ ಈಗಷ್ಟೇ ಇಸ್ತ್ರಿ ಮಾಡಿದಂಗಿತ್ತು.

ರೇಡಿಯೋ ತನ್ನ ತೋಳು ಮುಟ್ಟಿ ನೋಡ್ಕೊಂಡ್ಳು. ಒಣ. ಇನ್ನೊಂದು ತೋಳು? ಅದೂ ಒಣ.

"ಚಿಕ್ಕಮ್ಮ, ಕೊಡೆ ನಿನ್ನ ಕೈಲೇ ಇತ್ತಲ್ಲ?"

"ಇತ್ತಲ್ಲ," ಅಂದ್ಳು ಚಿಕ್ಕಮ್ಮ, ತಲೆ ಒರೆಸ್ಕೊಳ್ತಾ. "ಎರಡು ತಲೆಗೆ ಒಂದು ಕೊಡೆ. ಎಲ್ಲೋ ಒಂದು ಕಡೆ ನೆನೀಬೇಕಲ್ಲ."

"ಅಲ್ಲ, ನೀನು ಸ್ವಲ್ಪ ಆ ಕಡೆ ಎಳ್ಕೊಂಡಿದ್ರೆ ನಾನು ಈ ಕಡೆ..."

ಮಾತು ಅಲ್ಲೇ ನಿಂತೋಯ್ತು. ಅವಳ ಬಾಯಲ್ಲಿ ಅರ್ಧ ಮಾತು ಉಳಿದದ್ದು ಅದೇ ಮೊದಲು.

ರೇಡಿಯೋ ಸೀದಾ ರೂಮಿಗೆ ಹೋದ್ಳು. ಗುರಾಣಿ ಎತ್ಕೊಂಡು ಬೀರು ಕನ್ನಡಿ ಮುಂದೆ ನಿಂತಳು. ಅಂಗಳದಲ್ಲಿ ನಿಂತ ಹಾಗೇ, ಕಮಾಂಡೋ ಸ್ಪಂಜು ಎಸೀತಿದ್ದಾನೆ ಅಂತ ಅಂದ್ಕೊಂಡು. ಕನ್ನಡೀಲಿ ಏನು ಕಾಣಿಸ್ತು? ಬರೀ ಗುರಾಣಿ. ಅದರ ಮೇಲೆ ಎರಡು ಕಣ್ಣು. ಅಷ್ಟೇ.

ಗುರಾಣಿ ಪೂರ್ತಿ ಅವಳ ಮುಂದೇನೇ ಇತ್ತು. ಎಡಗಡೆಯವರಿಗೆ ಅಂತ ಒಂದು ಬೆರಳಷ್ಟೂ ಉಳಿದಿರಲಿಲ್ಲ.

ಮೆಲ್ಲಗೆ ಎಡಕ್ಕೆ ಸರಿಸಿದ್ಳು. ಅವಳ ಬಲಭುಜ ಹೊರಗೆ ಬಂತು. ಬಲಗಿವಿ, ಬಲಗಾಲು, ಎಲ್ಲಾ ಬಟಾಬಯಲು. ಆಗ ಎಡಗಡೆ, ಒಬ್ಬ ನಿಧಾನದ ಹುಡುಗ ನಿಲ್ಲೋವಷ್ಟು ಜಾಗಕ್ಕೆ ಗುರಾಣಿಯ ನೆರಳು ಬಿತ್ತು.

'ನೀನು ಗುರಾಣೀನ ಆ ಕಡೆ...' ಅಂತ ಆಮೆ ಎರಡು ಸಲ ಶುರು ಮಾಡಿದ್ದ.

ಶುಕ್ರವಾರ ಅವಳು ಆಮೆಯನ್ನ ಹುಡುಕಿದ್ಳು. ವರಾಂಡದಲ್ಲಿದ್ದ. ಕಂಬ ತಬ್ಬಿಕೊಂಡು ನಿಂತಿದ್ದ.

"ನಿಜವಾಗ್ಲೂ ಕಂಬ ಹಿಡ್ಕೊಂಡಿದ್ದೀಯಾ?"

"ನೀನೇ ಹೇಳಿದ್ದಲ್ಲ."

ರೇಡಿಯೋ ಆಮೆ ಚಿತ್ರದ ಗುರಾಣಿಯನ್ನ ಮುಂದೆ ಹಿಡಿದ್ಳು. "ನಿನ್ನೆ ಏನೋ ಹೇಳ್ತಿದ್ಯಲ್ಲ. ಹೇಳು."

ಆಮೆ ನಂಬಲಿಲ್ಲ. ಅವಳ ಬಾಯಿ ಮುಚ್ಚಿದೆ ಅಂತ ಖಾತ್ರಿ ಮಾಡ್ಕೊಂಡ. "ನೀನು ಗುರಾಣೀನ... ಆ ಕಡೆ ಎಳ್ಕೊಂಡ್ರೆ..." ಅಂದ. ಉಸಿರು ತಗೊಂಡ. ರೇಡಿಯೋ ನಾಲಿಗೆ ಕಚ್ಚಿ ಹಿಡಿದು ಕಾದಳು. "...ನನ್ನ ಈ ಭುಜ ಖಾಲಿಯಾಗುತ್ತೆ. ಆಗ ನಾನೂ ಈ ಕಡೆ ಬರ್ತೀನಿ. ಅವಳಿನೂ ಬರ್ತಾನೆ. ಜವಳಿನೂ..."

"ಹೂಂ."

"ಅಷ್ಟೇ."

"ಬಾ. ನನ್ನ ಎಡಗಡೆ ನಿಂತ್ಕೋ."

"ನಾನು ನಿಧಾನ."

"ಇರಲಿ ಬಿಡೋ. ಗೋಡೆ ಎಲ್ಲಿಗೂ ಓಡಿಹೋಗಲ್ಲ."

ಮಿಸ್ ಸೀಟಿ ಊದಿದ್ರು. ಸ್ಪಾರ್ಟಾ ಹೊರಡ್ತು.

ಮೊದಲ ಸ್ಪಂಜು ಆಮೆಯ ಕಡೆ ಬಂತು. ರೇಡಿಯೋ ಗುರಾಣಿಗೆ ತಗುಲಿ ಬಿತ್ತು. ಎರಡನೇದೂ ಹಾಗೇ. ಕಮಾಂಡೋ ಕಣ್ಣು ಕಿರಿದು ಮಾಡಿ ನೋಡಿದ. ಪಕ್ಕದಲ್ಲೇ ನಿಂತ ಗೆಳೆಯನಿಗೆ ವಾಕಿಟಾಕೀಲಿ ಕಿರುಚಿದ: "ಬಲತುದಿ ಖಾಲಿ! ಎಲ್ಲರೂ ಅಲ್ಲಿಗೇ ಎಸೀರಿ! ಓವರ್!"

ಪಚಕ್! ಬಲಗಿವಿಗೆ. ಪಚಕ್! ಬಲಭುಜಕ್ಕೆ. ತಣ್ಣನೆ ನೀರು ಕಾಲರ್ ಒಳಗಿಂದ ಇಳಿದು ಬೆನ್ನು ಪೂರ್ತಿ ಸುತ್ತಾಡಿ ಬಂತು. ಗುರಾಣೀನ ತನ್ನ ಕಡೆ ಎಳ್ಕೋಬೇಕು, ಒಂಚೂರು, ಒಂದೇ ಒಂಚೂರು, ಅಂತ ರೇಡಿಯೋ ಎಡಗೈಗೆ ಆಸೆ.

ಪಕ್ಕದಲ್ಲಿ ಆಮೆ ಮೆಲ್ಲಗೆ "ಎಡ... ಬಲ... ಎಡ..." ಅಂತಿದ್ದ. ಅವನ ಭುಜ ಅವಳಿಗೆ ತಾಗ್ತಿತ್ತು. ತಳ್ತಾ ಇರಲಿಲ್ಲ.

ಅವಳು ಕೈ ಅಲ್ಲಾಡಿಸಲಿಲ್ಲ. ಪಚಕ್! ಈ ಸಲ ಬಲಗಾಲಿನ ಶೂ ಒಳಗೆ.

ನಲ್ಲಿ ಬಲಗಡೆ ಹಾಗೇ ನಿಂತಿತ್ತು. ಸ್ಪಾರ್ಟಾ ಅದನ್ನ ದಾಟ್ಕೊಂಡು ಹೋಯ್ತು.

ನಾಲ್ಕು ಗುರಾಣಿ ಹಳದಿ ಗೋಡೆಗೆ ತಾಗಿದ್ವು. ಅಂಗಳ ಪೂರ್ತಿ ಹೋ ಅಂತು. ಅವಳಿ, "ಮೊದಲು ಮುಟ್ಟಿದ್ದು ನಾನು!" ಅಂದ. ಜವಳಿ, "ನಾನು!" ಅಂದ. ಯುದ್ಧ ಮುಗಿದು ಮನೆ ಜಗಳ ಶುರುವಾಯ್ತು.

"ಮೋಸ!" ಕಮಾಂಡೋ ಓಡಿ ಬಂದ. "ಇವತ್ತು ಯಾಕೆ ನಲ್ಲಿಗೆ ಹೋಗಲಿಲ್ಲ? ನಿಮ್ಮ ಕ್ಯಾಪ್ಟನ್ ನೋಡು, ಪೂರ್ತಿ ಒದ್ದೆ! ಓವರ್!"

ಆಮೆ ರೇಡಿಯೋನ ಮೇಲಿಂದ ಕೆಳಗೆ ನೋಡಿದ. ಆಮೇಲೆ ತನ್ನ ಒಣ ತೋಳು ನೋಡ್ಕೊಂಡ.

"ಪೂರ್ತಿ ಅಲ್ಲ," ಅಂದ. "ಅರ್ಧ."

ಕಮಾಂಡೋ ಏನೋ ಹೇಳೋಕೆ ಹೋದ. ಸೋಮವಾರ ನೆನಪಾಗಿ ಈಗಿಂದ್ಲೇ ಅಭ್ಯಾಸ ಮಾಡೋಣ ಅಂತ ಬಾಯಿ ಮುಚ್ಕೊಂಡ. 'ಓವರ್' ಅಂತಾನೂ ಅನ್ನಲಿಲ್ಲ.

ಮನೆ ಬಾಗಿಲು ತೆಗೆದವಳು ಚಿಕ್ಕಮ್ಮ. ರೇಡಿಯೋನ ಒಂದು ಸಲ ನೋಡಿದ್ಳು. ಒಣಗಿದ ಎಡಗಡೆ. ನೀರು ತೊಟ್ಟಿಕ್ಕೋ ಬಲಗಡೆ.

"ಓಹೋ," ಅಂದ್ಳು. ಒಳಗೆ ಹೋಗಿ ಒಂದು ಜೊತೆ ಒಣ ಸಾಕ್ಸ್ ತಂದು ಅವಳ ಕೈಗೆ ಹಾಕಿದ್ಳು.

"ಏನಾಯ್ತೇ? ಗೆದ್ರಾ?" ಅಮ್ಮ ಸೌಟು ಹಿಡ್ಕೊಂಡೇ ಓಡಿ ಬಂದ್ಳು.

"ಹೂಂ," ಅಂದ್ಳು ರೇಡಿಯೋ.

ಅಮ್ಮ ಮುಂದಿನ ಮಾತಿಗೆ ಕಾದಳು. ಬರಲಿಲ್ಲ. ಇನ್ನೂ ಸ್ವಲ್ಪ ಕಾದಳು. ಆಮೇಲೆ ಗಾಬರಿಯಾಗಿ ಅವಳ ಹಣೆ ಮುಟ್ಟಿ ನೋಡಿದ್ಳು. ಜ್ವರ ಇರಲಿಲ್ಲ.

ರೇಡಿಯೋ ಬಾಲ್ಕನಿಗೆ ಹೋದ್ಳು. ಚಿಕ್ಕಮ್ಮನ ಸಾಕ್ಸುಗಳ ಸಾಲಿನ ಪಕ್ಕದಲ್ಲಿ ಸ್ವಲ್ಪ ಜಾಗ ಇತ್ತು. ತನ್ನ ಒದ್ದೆ ಸಾಕ್ಸನ್ನ ಹಿಂಡಿ, ಕ್ಲಿಪ್ ಹಾಕಿ ಅಲ್ಲಿ ನೇತುಹಾಕಿದ್ಳು.

ಒಂದೇ ಸಾಕ್ಸು. ಬಲಗಾಲಿಂದು.